ಒಂದೇ ಸೂಲಲ್ಲಿ ಕಪ್ಪು, ಕಂದು, ಬೆಣ್ಣೆ ಬಣ್ಣ: ಕಾಕರ್–ಪೂಡಲ್ ಮರಿಗಳಿಗೆ ತಂದೆ ಒಬ್ಬನೇನಾ?

ವಿದ್ಯಾನಗರದವರು

ದಾವಣಗೆರೆಯಿಂದ ನಮಸ್ಕಾರ. ತಾಯಿ ಕಾಕರ್ ಸ್ಪ್ಯಾನಿಯಲ್, 3 ವರ್ಷ, ಹೊಂಬಣ್ಣ, ಮೂಗು ಕಪ್ಪು. ತಂದೆ ಟಾಯ್ ಪೂಡಲ್, 4 ವರ್ಷ, ಮೂಗು ಕಂದು. ಮರಿಯಾಗಿದ್ದಾಗ ಕಡು ಚಾಕೊಲೇಟ್ ಇದ್ದನಂತೆ, ಈಗ ಹಾಲು ಜಾಸ್ತಿ ಬಿದ್ದ ಕಾಫಿ. ಮರಿಗಳಿಗೆ ಇವತ್ತಿಗೆ 36 ದಿನ. ಆರು ಇವೆ.

ಎರಡು ಪೂರ್ತಿ ಕಪ್ಪು. ಅದರಲ್ಲಿ ಒಂದರ ಕಣ್ಣಿನ ಸುತ್ತ ಬೂದಿ ಮೆತ್ತಿದ ಹಾಗೆ ಕಾಣುತ್ತೆ. ಮೂರನೇದೂ ಕಪ್ಪೇ, ಆದರೆ ಹುಬ್ಬಿನ ಮೇಲೆ ಎರಡು ಚುಕ್ಕೆ, ಕೆನ್ನೆ, ಎದೆ, ಕಾಲು ಎಲ್ಲ ಕಂದು. ನಾಲ್ಕನೇದು ಕಾಫಿಪುಡಿ ಬಣ್ಣ, ಎದೆ ಮೇಲೆ ಎರಡು ಬೆರಳಗಲ ಬಿಳಿ, ಮುಂಗಾಲಿನ ಬೆರಳ ತುದಿಯೂ ಬಿಳಿ. ಐದು ಮತ್ತು ಆರು ಬೆಣ್ಣೆ ಬಣ್ಣ. ಐದನೇದರ ಮೂಗು ಕಪ್ಪು, ಆರನೇದರದು ಇನ್ನೂ ಗುಲಾಬಿ ಮಿಶ್ರಿತ ಕಂದು.

ಮೂರನೇ ಮರಿ ನೋಡಿದವರೆಲ್ಲ "ಇದು ಬೀದಿ ನಾಯಿದು" ಅಂತಿದ್ದಾರೆ. ನಮ್ಮ ರಸ್ತೆಯಲ್ಲಿ ಅದೇ ತರಹದ ಕಪ್ಪು-ಕಂದು ನಾಯಿ ಒಂದಿದೆ, ನಿಜ. ಬಣ್ಣ ನೋಡಿ ಹೀಗೆ ಹೇಳೋಕೆ ಆಗುತ್ತಾ? ಆರನೇದರ ಮೂಗು ಮುಂದೆ ಕಪ್ಪಾಗುತ್ತಾ? ಮರಿ ತಗೊಳ್ಳೋರು "ಇದೇ ಬಣ್ಣ ಇರುತ್ತಾ" ಅಂತ ಕೇಳಿದರೆ ಏನು ಹೇಳಲಿ?

ಹರಿಹರ ಹೊಳೆದಂಡೆ

ಅಣ್ಣ, ಅಪ್ಪ ಕಂದು, ಅವ್ವ ಹೊಂಬಣ್ಣ. ಕಪ್ಪು ಎಲ್ಲಿಂದ ಬರ್ತತೆ? ಮೂರನೇದು ಒಂದೇ ಅಲ್ಲ, ಆ ಮೂರೂ ಕರೇವು ಬ್ಯಾರೆ ಗಂಡಿನವೇ ಇರಬೇಕು. ಬೆದೆಗೆ ಬಂದಾಗ ಗೇಟ್ ತೆಗೆದಿತ್ತೇನೋ ನೋಡ್ಕಳ್ರಿ.

ಕೋಟೆಬಾಗಿಲು (ಚಿತ್ರದುರ್ಗ)

ಹೊಳೆದಂಡೆಯವರೇ, ಕಪ್ಪು ಇಲ್ಲದ ಇಬ್ಬರಿಗೆ ಕಪ್ಪು ಮರಿ ಹುಟ್ಟೋದು ಈ ಜೋಡಿಯಲ್ಲಿ ಸಹಜ. ತಾಯಿ ಕಪ್ಪಾಗಿಲ್ಲದ ಕಾರಣ ಬೇರೆ, ತಂದೆ ಕಪ್ಪಾಗಿಲ್ಲದ ಕಾರಣ ಬೇರೆ. ಒಬ್ಬರ ಕೊರತೆಯನ್ನ ಇನ್ನೊಬ್ಬರು ತುಂಬಿದರೆ ಮರಿ ಕಪ್ಪಾಗುತ್ತೆ.

ನಾಯಿಗೆ ಮೂಲ ವರ್ಣದ್ರವ್ಯ ಎರಡೇ, ಕಪ್ಪು ಒಂದು, ಹಳದಿ-ಕೆಂಪು ಇನ್ನೊಂದು. ಕಪ್ಪು ಕೂದಲಿಗೆ ಹೋಗೋಕೆ ಬಿಡೋ ಬಾಗಿಲು ಇ ಜೀನ್. ತಂದೆ ಕಡೆಯಿಂದ ಒಂದು, ತಾಯಿ ಕಡೆಯಿಂದ ಒಂದು ಅಂತ ಎರಡೂ ಪ್ರತಿ "ಮುಚ್ಚಿದ್ದು" ಬಂದರೆ ಕೂದಲಲ್ಲಿ ಕಪ್ಪೂ ಇರಲ್ಲ ಕಂದೂ ಇರಲ್ಲ, ಬೆಣ್ಣೆಯಿಂದ ಇಟ್ಟಿಗೆ ಕೆಂಪಿನವರೆಗೆ ಯಾವುದಾದರೂ ಛಾಯೆ. ಚರ್ಮಕ್ಕೆ ಈ ಬಾಗಿಲಿನ ಸಂಬಂಧ ಇಲ್ಲ, ಅದಕ್ಕೇ ನಿಮ್ಮ ಹೊಂಬಣ್ಣದ ತಾಯಿಯ ಮೂಗು ಕಪ್ಪು. ಬಿ ಜೀನ್‌ನ ಕೆಲಸ ಬೇರೆ: ಎರಡೂ ಪ್ರತಿ ಸಣ್ಣ ಬಿ ಆದರೆ ಕಪ್ಪು ವರ್ಣದ್ರವ್ಯವೇ ಕಂದಾಗುತ್ತೆ. ಇದು ಕೂದಲಿಗಷ್ಟೇ ಅಲ್ಲ, ಮೂಗು, ಕಣ್ಣಿನ ಅಂಚು, ಅಂಗಾಲಿಗೂ.

ಇನ್ನು ನಿಮ್ಮ ಜೋಡಿ. ತಾಯಿ ಎರಡು ಮುಚ್ಚಿದ ಇ, ಕಪ್ಪು ಮೂಗು ಇರೋದರಿಂದ ಕನಿಷ್ಠ ಒಂದು ದೊಡ್ಡ ಬಿ, ಅಂದರೆ ಕಪ್ಪನ್ನ ಕಪ್ಪಾಗೇ ಉಳಿಸೋ ಪ್ರತಿ. ತಂದೆ ಎರಡು ಸಣ್ಣ ಬಿ, ಕೂದಲಲ್ಲಿ ಕಂದು ಕಾಣೋದರಿಂದ ಕನಿಷ್ಠ ಒಂದು ತೆರೆದ ಇ. ಕಂದು ಮರಿಯೂ ಬೆಣ್ಣೆ ಮರಿಯೂ ಹುಟ್ಟಿವೆ ಅಂದ ಮೇಲೆ ತಾಯಿ ಒಂದು ಸಣ್ಣ ಬಿ ಬಚ್ಚಿಟ್ಟಿದ್ದಾಳೆ, ತಂದೆ ಒಂದು ಮುಚ್ಚಿದ ಇ ಬಚ್ಚಿಟ್ಟಿದ್ದಾನೆ. ಆಗ ಲೆಕ್ಕ ಹೀಗೆ: ಕಾಲು ಭಾಗ ಕಪ್ಪು, ಕಾಲು ಭಾಗ ಕಂದು, ಕಾಲು ಭಾಗ ಕಪ್ಪು ಮೂಗಿನ ಬೆಣ್ಣೆ, ಕಾಲು ಭಾಗ ಕಂದು ಮೂಗಿನ ಬೆಣ್ಣೆ. ನಾಲ್ಕೂ ಬಗೆ ನಿಮ್ಮ ಬುಟ್ಟಿಯಲ್ಲೇ ಇವೆ. ಆರೇ ಮರಿ ಆಗಿರೋದರಿಂದ ಸಮಪಾಲು ಬಂದಿಲ್ಲ, ಅಷ್ಟೆ.

ಮೂರನೇದು ನಮ್ಮ ಕಡೆ ನಾಲ್ಕು ಕಣ್ಣಿನ ನಾಯಿ ಅಂತಾರಲ್ಲ, ಅದು. ಪೂಡಲ್ ಸಾಕೋರು ಫ್ಯಾಂಟಮ್ ಅಂತಾರೆ. ಕೆ ಜೀನ್‌ನ ಪ್ರಬಲ ಪ್ರತಿ ಒಂದಿದ್ದರೂ ಮೈ ಪೂರ್ತಿ ಒಂದೇ ಕಪ್ಪು, ಒಳಗಿನ ವಿನ್ಯಾಸದ ಮೇಲೆ ಮುಸುಕು ಹಾಕಿದ ಹಾಗೆ. ಮುಸುಕು ಇಲ್ಲದ ಪ್ರತಿ ಎರಡೂ ಕಡೆಯಿಂದ ಬಂದು, ಎ ಜೀನ್‌ನಲ್ಲಿ ಕಂದು ಗುರುತಿನ ಪ್ರತಿಯೂ ಎರಡೂ ಕಡೆಯಿಂದ ಬಂದರೆ ಹುಬ್ಬು, ಕೆನ್ನೆ, ಎದೆ, ಕಾಲು, ಬಾಲದ ಕೆಳಗೆ ಕಂದು ಬರುತ್ತೆ. ಹೊಂಬಣ್ಣದ ತಾಯಿಯ ಮೈಮೇಲೆ ಇದ್ಯಾವುದೂ ಕಾಣಲ್ಲ, ಯಾಕೆಂದರೆ ಅವಳಿಗೆ ಕಪ್ಪು ಕೂದಲೇ ಇಲ್ಲ. ಬರೆಯದ ಹಲಗೆ ಮೇಲೆ ಅಕ್ಷರ ಹುಡುಕಿದ ಹಾಗಾಗುತ್ತೆ.

ಪಿ.ಜೆ. ಬಡಾವಣೆ

ಕೋಟೆಬಾಗಿಲು ಸರ್ ಹೇಳಿದ್ದು ಸರಿ, ಆದರೆ ಅದರಿಂದ "ತಂದೆ ಒಬ್ಬನೇ ಇರಬಹುದು" ಅಂತ ಮಾತ್ರ ಆಯ್ತು, "ಒಬ್ಬನೇ" ಅಂತ ಆಗಲಿಲ್ಲ. ಒಂದೇ ಸೂಲಲ್ಲಿ ಇಬ್ಬರು ತಂದೆ ಇರೋದು ನಾಯಿಗಳಲ್ಲಿ ನಿಜವಾಗಿ ಆಗುತ್ತೆ. ಹೆಣ್ಣು ಗಂಡನ್ನ ಹತ್ತಿರ ಸೇರಿಸೋದು ಹಲವು ದಿನ, ಅಂಡ ಬಿಡುಗಡೆಯಾದ ಮೇಲೂ ಪಕ್ವವಾಗೋಕೆ ಎರಡು ಮೂರು ದಿನ ಬೇಕು, ವೀರ್ಯ ಒಳಗೆ ಐದಾರು ದಿನ ಬದುಕಿರುತ್ತೆ. ಹಾಗಾಗಿ ಬಣ್ಣ ಬಿಟ್ಟು ಬೇರೆ ಎರಡು ಗುರುತು ನೋಡಿ. ಈ ಜೋಡಿಯಲ್ಲಿ ಬಣ್ಣಕ್ಕಿಂತ ಅವೇ ಗಟ್ಟಿ.

ಮೊದಲನೇದು ಕೂದಲಿನ ಉದ್ದ. ಗಿಡ್ಡ ಕೂದಲಿನ ಗುಣ ಪ್ರಬಲ, ಉದ್ದ ಕೂದಲಿನ ಗುಣ ಅಡಗಿರೋದು. ಕಾಕರ್ ಮತ್ತು ಪೂಡಲ್ ಎರಡೂ ಉದ್ದ ಕೂದಲಿನವು, ಅಂದರೆ ಅವುಗಳ ಮರಿ ಎಲ್ಲವೂ ಉದ್ದ ಕೂದಲಿನವೇ ಆಗಬೇಕು. ಬೀದಿಯ ಗಿಡ್ಡ ಕೂದಲಿನ ನಾಯಿ ತಂದೆಯಾಗಿದ್ದರೆ ಮರಿಯ ಮೈ ಲ್ಯಾಬ್ರಡಾರ್ ತರಹ ಒತ್ತಿಕೊಂಡಿರುತ್ತೆ.

ಎರಡನೇದು ಮೀಸೆ. ಪೂಡಲ್‌ಗೆ ಮೀಸೆ, ಗಡ್ಡ, ಹುಬ್ಬಿನ ಪೊದೆ ಕೊಡೋ ಗುಣ ಪ್ರಬಲ. ಶುದ್ಧ ಪೂಡಲ್ ಸಾಮಾನ್ಯವಾಗಿ ಎರಡೂ ಪ್ರತಿ ಹೊತ್ತಿರುತ್ತೆ, ಆದ್ದರಿಂದ ಅದರ ಪ್ರತಿ ಮರಿಗೂ ಒಂದು ಪ್ರತಿ ಸಿಕ್ಕೇ ಸಿಗುತ್ತೆ. ಕಾಕರ್‌ಗೂ ಬೀದಿ ನಾಯಿಗೂ ಇದು ಇಲ್ಲ. 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ನಾಯಿ ತುಪ್ಪಳದ ಬಹುತೇಕ ಬಗೆಗಳನ್ನ ಮೂರೇ ಜೀನ್‌ಗೆ ಇಳಿಸಿತು: ಮೀಸೆಗೆ ಆರ್‌ಎಸ್‌ಪಿಒ2, ಉದ್ದಕ್ಕೆ ಎಫ್‌ಜಿಎಫ್5, ಗುಂಗುರಿಗೆ ಕೆಆರ್‌ಟಿ71. ನಾನು ಹೇಳ್ತಿರೋದು ಮೊದಲ ಎರಡನ್ನ.

ನೋಡೋ ವಿಧಾನ: ಮರಿಯನ್ನ ಬೆಳಕಿನ ಕಡೆ ಮುಖ ಮಾಡಿ ಹಿಡಿದು, ಪಕ್ಕದಿಂದ ಮೂತಿಯ ಮೇಲ್ಭಾಗ ನೋಡಿ. ಮೂಗಿನ ಹಿಂದೆ, ಎರಡು ಕಣ್ಣಿನ ನಡುವೆ ಕೂದಲು ಮೇಲಕ್ಕೆ, ಅಡ್ಡಕ್ಕೆ ಎದ್ದು ಕಣ್ಣಿಗೆ ಬೀಳ್ತಿದ್ದರೆ ಮೀಸೆ ಬರ್ತಿದೆ. ನಯವಾಗಿ ಹಣೆ ಕಡೆಗೆ ಮಲಗಿದ್ದರೆ ಇಲ್ಲ. 36 ದಿನಕ್ಕೆ ಸುಳಿವು ಸಿಗುತ್ತೆ, 8 ವಾರಕ್ಕೆ ಅನುಮಾನ ಉಳಿಯಲ್ಲ. ಮೂರನೇದಕ್ಕೆ ಉದ್ದ ಕೂದಲೂ ಮೀಸೆಯೂ ಇದ್ದರೆ ಆ ರಸ್ತೆಯ ನಾಯಿಯ ಹೆಸರು ಕೈಬಿಡಿ.

ಇಷ್ಟಾದ ಮೇಲೂ ಬರಹದಲ್ಲೇ ಬೇಕು ಅಂದರೆ ಡಿಎನ್‌ಎ ಪಿತೃತ್ವ ಪರೀಕ್ಷೆ ಮಾಡಿಸಿ. ತಾಯಿ, ಪೂಡಲ್, ಮರಿ ಮೂರರ ಮಾದರಿಯೂ ಬೇಕು. ಕೆನ್ನೆಯ ಒಳಗಿನಿಂದ ತೆಗೆಯೋದಾದರೆ ಮರಿಯನ್ನ ತಾಯಿಯಿಂದ ಒಂದೆರಡು ಗಂಟೆ ಬೇರೆ ಇಡಿ. ಹಾಲು ಕುಡಿದ ಬಾಯಿಯಲ್ಲಿ ತಾಯಿಯ ಜೀವಕೋಶ ಇರುತ್ತೆ, ಫಲಿತಾಂಶ ಕಲಸುಮೇಲೋಗರ ಆಗುತ್ತೆ. ಸ್ವ್ಯಾಬ್ ಒಣಗಿಸದೆ ಪ್ಲಾಸ್ಟಿಕ್‌ಗೆ ಹಾಕಿದರೆ ಬೂಸ್ಟು ಹಿಡಿಯುತ್ತೆ, ಕಾಗದದ ಕವರ್‌ಗೆ ಹಾಕಿ. ರಕ್ತ ಕೊಡೋದಾದರೆ ಪಶು ವೈದ್ಯರ ಹತ್ತಿರ ಇಡಿಟಿಎ ಟ್ಯೂಬ್‌ನಲ್ಲಿ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋದು) ತೆಗೆಸಿ.

ಹರಿಹರ ಹೊಳೆದಂಡೆ

ಮೀಸೆ ವಿಷಯ ಗೊತ್ತಿರಲಿಲ್ಲ ಅಕ್ಕ. ಗೇಟಿನ ಮಾತು ವಾಪಸ್ ತಗಂಡೆ.

ಚಳ್ಳಕೆರೆ ಕತ್ತರಿ

ಕಣ್ಣಿನ ಸುತ್ತ ಬೂದಿ ಮೆತ್ತಿದಂತೆ ಕಾಣೋ ಕಪ್ಪು ಮರಿ ಬಗ್ಗೆ ಯಾರೂ ಮಾತಾಡಿಲ್ಲ. ಮಾರೋವಾಗ ಜಗಳ ಬರೋದು ಅದರಲ್ಲೇ. ಅದು ಕಪ್ಪಾಗಿ ಉಳಿಯಲ್ಲ.

ಪೂಡಲ್‌ನಲ್ಲಿ ವಯಸ್ಸಿನ ಜೊತೆ ಬಣ್ಣ ತಿಳಿಯಾಗೋ ಗುಣ ಒಂದಿದೆ, ಪ್ರಬಲ ಗುಣ. ಕಪ್ಪು ಹುಟ್ಟಿ ಬೂದು ನೀಲಿ ಅಥವಾ ಬೆಳ್ಳಿ ಆಗೋದು, ಕಂದು ಹುಟ್ಟಿ ಹಾಲುಕಾಫಿ ಆಗೋದು ಇದರಿಂದಲೇ. ನಿಮ್ಮ ಪೂಡಲ್ ಕಡು ಚಾಕೊಲೇಟ್‌ನಿಂದ ಹಾಲುಕಾಫಿಗೆ ಬಂದ ಅಂದರೆ ಅವನಲ್ಲಿ ಅದು ಇದೆ. ಒಂದು ಪ್ರತಿ ಹೊತ್ತಿದ್ದರೆ ಸರಾಸರಿ ಅರ್ಧ ಮರಿಗೆ ದಾಟುತ್ತೆ, ಎರಡಿದ್ದರೆ ಎಲ್ಲಕ್ಕೂ. ಕಪ್ಪು, ಕಂದು ಮರಿಗಳಲ್ಲಿ ಕಣ್ಣಿಗೆ ಕಾಣುತ್ತೆ, ಬೆಣ್ಣೆ ಬಣ್ಣದವಲ್ಲಿ ಅಷ್ಟಾಗಿ ತಿಳಿಯಲ್ಲ.

ಖಚಿತ ಮಾಡ್ಕೊಳ್ಳೋಕೆ ಮುಖ ಸ್ವಲ್ಪ ಬೋಳಿಸಬೇಕು. ಲಸಿಕೆ ಸರಣಿ ಮುಗಿಯೋವರೆಗೆ ಮರಿಯನ್ನ ನಾಯಿ ಕೂದಲು ಕತ್ತರಿಸೋ ನಮ್ಮಂಥವರ ಅಂಗಡಿಗೆ ತರಬೇಡಿ, ನೂರು ನಾಯಿ ಬಂದು ಹೋಗೋ ಮೇಜಿನ ಮೇಲೆ ಪಾರ್ವೋ ವೈರಸ್ ಇರಬಹುದು. ಮನೆಯಲ್ಲೇ ಮಾಡಿ. ಕ್ಲಿಪರ್‌ಗೆ 10ನೇ ನಂಬರ್ ಬ್ಲೇಡ್, ಅದು ಸುಮಾರು ಒಂದೂವರೆ ಮಿಲಿಮೀಟರ್ ಕೂದಲು ಉಳಿಸುತ್ತೆ. 30 ಹಾಕಬೇಡಿ, ಅರ್ಧ ಮಿಲಿಮೀಟರ್‌ಗೆ ಇಳಿಯುತ್ತೆ, ಎಳೆ ಚರ್ಮ ಕೆಂಪಾಗುತ್ತೆ. ಮೊದಲು ಕ್ಲಿಪರ್ ಆನ್ ಮಾಡಿ ಪಕ್ಕದಲ್ಲಿಟ್ಟು ಸದ್ದಿಗೆ ಒಗ್ಗಿಸಿ. ಆಮೇಲೆ ಕಿವಿಯ ಮುಂಭಾಗದಿಂದ ಕಣ್ಣಿನ ಹೊರ ಮೂಲೆವರೆಗೆ ಒಂದೇ ಪಟ್ಟಿ, ಮತ್ತೆ ಒಂದು ಪಾದದ ಮೇಲ್ಭಾಗ. ಎರಡು ನಿಮಿಷಕ್ಕೊಮ್ಮೆ ಬ್ಲೇಡನ್ನ ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ. ನಿಮಗೆ ಬಿಸಿ ಅನ್ನಿಸಿದರೆ ಮರಿಗೆ ಸುಡುತ್ತೆ.

ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೊರಗೆ ನೆರಳಲ್ಲಿ, ಕೂದಲ ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಬೋಳಿಸಿದ ಜಾಗ ಬೂದು ಬೆಳ್ಳಿ ಕಂಡರೆ ತಿಳಿಯಾಗೋ ಮರಿ. ಮುಖ ಮತ್ತು ಪಾದ ಮೊದಲು ತಿಳಿಯಾಗುತ್ತೆ, ಮೈ ಆಮೇಲೆ, ಕಿವಿ ಕೊನೆಗೆ. ಕೊನೆ ಬಣ್ಣ ನಿಲ್ಲೋಕೆ ಸುಮಾರು 2 ವರ್ಷ ಬೇಕು.

ಇದನ್ನ ಬಿಸಿಲಿಗೆ ಸುಟ್ಟ ಬಣ್ಣದ ಜೊತೆ ಬೆರೆಸಬೇಡಿ. ಕಂಬಳಿಗೆ ಕತ್ತರಿಸೋ ಕರಿ ಕುರಿ ಉಣ್ಣೆ ನೋಡಿದ್ದೀರಲ್ಲ, ತುದಿ ಕೆಂಚಗೆ, ಬುಡ ಕಾಡಿಗೆ. ಅದು ಬಿಸಿಲು. ಕೂದಲು ಬಿಡಿಸಿದಾಗ ಬುಡ ತಿಳಿ, ತುದಿ ಕಪ್ಪು ಇದ್ದರೆ ಹುಟ್ಟುಗುಣ. ಬುಡ ಕಪ್ಪು, ತುದಿ ಕೆಂಚು ಇದ್ದರೆ ನಮ್ಮ ಏಪ್ರಿಲ್ ಬಿಸಿಲಿನ ಕೆಲಸ, ಕತ್ತರಿಸಿದರೆ ಕಪ್ಪು ವಾಪಸ್. ಬೆಣ್ಣೆ ಬಣ್ಣದವಕ್ಕೆ ಪಾದ ಮತ್ತು ಬಾಯಿ ಸುತ್ತ ತುಕ್ಕಿನ ಬಣ್ಣ ಬಂದರೆ ಎರಡೂ ಅಲ್ಲ, ನೆಕ್ಕಿದ ಜೊಲ್ಲಿನ ಕಲೆ. ಯಾಕೆ ನೆಕ್ಕುತ್ತಿದೆ ಅಂತ ಬೆರಳ ಸಂದಿ ನೋಡಿ. ಇನ್ನು ಕೊಳವೆಬಾವಿಯ ಗಡಸು ನೀರಲ್ಲಿ ಶಾಂಪೂ ಪೂರ್ತಿ ಬಿಡಲ್ಲ, ತಿಳಿ ಬಣ್ಣ ಮಂಕಾಗುತ್ತೆ. ಕೊನೆಯ ಒಂದು ಬಕೆಟ್ ಮೆದು ನೀರು ಹುಯ್ಯಿರಿ.

ಹಿರಿಯೂರು ರೋಡ್

ಇದೇ ಎಳೆಯಲ್ಲಿ ಒಂದು ಕೇಳಲಾ? ಬೂದು ಮೈ ಮೇಲೆ ಕಪ್ಪು ಹರಕು ಮಚ್ಚೆ, ಒಂದು ಕಣ್ಣು ನೀಲಿ ಇರೋ ಕಾಕಾಪೂ (ಕಾಕರ್–ಪೂಡಲ್ ಮಿಶ್ರ) ಮರಿ ತೋರಿಸಿ "ಮರ್ಲ್, ಅಪರೂಪದ ಬಣ್ಣ, ಕೆಸಿಐ ಪೇಪರ್ ಸಮೇತ" ಅಂತ ದುಪ್ಪಟ್ಟು ರೇಟ್ ಹೇಳ್ತಿದ್ದಾರೆ. ತಗೋಬಹುದಾ?

ಕೋಟೆಬಾಗಿಲು (ಚಿತ್ರದುರ್ಗ)

ಪೇಪರ್ ಮಾತು ಕೇಳಿದಾಗಲೇ ಎದ್ದು ಬನ್ನಿ. ಕೆನೆಲ್ ಕ್ಲಬ್ ಆಫ್ ಇಂಡಿಯಾ ಮಿಶ್ರತಳಿಯನ್ನ ನೋಂದಾಯಿಸಲ್ಲ. ಕಾಕಾಪೂಗೆ ಕೆಸಿಐ ಪೇಪರ್ ತೋರಿಸಿದರೆ ಒಂದೋ ಪೇಪರ್ ಬೇರೆ ನಾಯಿದು, ಇಲ್ಲಾ ತಂದೆ-ತಾಯಿಯದು.

ಮರ್ಲ್ ವಿಷಯಕ್ಕೆ ಬಂದರೆ, ಅದು ಪೂಡಲ್‌ನ ಮೂಲ ಬಣ್ಣ ಅಲ್ಲ, ಇಂಗ್ಲಿಷ್ ಕಾಕರ್‌ನದೂ ಅಲ್ಲ. ಒಂದೇ ಪ್ರತಿ ಸಾಕು ಕಾಣೋಕೆ, ಆದ್ದರಿಂದ ತಂದೆ-ತಾಯಿಯಲ್ಲಿ ಒಬ್ಬರಲ್ಲಿ ಇರಲೇಬೇಕು. ಇಬ್ಬರನ್ನೂ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಕಷ್ಟ ಎಲ್ಲಿ ಅಂದರೆ ಹೊಂಬಣ್ಣ, ಬೆಣ್ಣೆ ಬಣ್ಣದ ನಾಯಿಯಲ್ಲಿ ಮರ್ಲ್ ಅಡಗಿ ಕೂರುತ್ತೆ, ಅದು ಕೆಡಿಸೋದು ಕಪ್ಪು ವರ್ಣದ್ರವ್ಯವನ್ನ ಮಾತ್ರ. ಗೊತ್ತಿಲ್ಲದೆ ಅಂಥದ್ದನ್ನ ಇನ್ನೊಂದು ಮರ್ಲ್‌ಗೆ ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಎರಡು ಪ್ರತಿ ಬೀಳುತ್ತೆ. ಅಂಥ ಮರಿಗಳಲ್ಲಿ ಬಹಳಷ್ಟು ಮೈಯೆಲ್ಲ ಬಿಳಿ, ಕಿವುಡು, ಕಣ್ಣು ಚಿಕ್ಕದು ಅಥವಾ ಕುರುಡು. ಒಂದೇ ಪ್ರತಿಯ ಮರಿ ಸಾಮಾನ್ಯವಾಗಿ ಚೆನ್ನಾಗಿರುತ್ತೆ. ತಗೊಂಡರೆ ಸಾಕಿ, ಆದರೆ ಬಣ್ಣಕ್ಕೆ ಅಂತ ದುಪ್ಪಟ್ಟು ಕೊಡೋದು ನನಗಂತೂ ಸರಿ ಕಾಣಲ್ಲ. ಒದ್ದೆ ಮಾಡಿದ ಬಿಳಿ ಹತ್ತಿಯಿಂದ ಮಚ್ಚೆ ಉಜ್ಜಿ ನೋಡೋದನ್ನೂ ಮರೀಬೇಡಿ, ಡೈ ಇದ್ದರೆ ಹತ್ತಿಗೆ ಬರುತ್ತೆ.

ವಿದ್ಯಾನಗರದವರು

ಎಲ್ಲ ನೋಡಿದೆ. ಮೂರನೇದಕ್ಕೆ ಉಳಿದವಷ್ಟೇ ಉದ್ದ ಕೂದಲು, ಕಣ್ಣಿನ ನಡುವೆ ಕೂದಲು ಎದ್ದು ನಿಂತಿದೆ. ಬಾಲ ಎತ್ತಿದರೆ ಕೆಳಗೆ ರೂಪಾಯಿ ಅಗಲ ಕಂದು. ಬೂದಿ ಮೆತ್ತಿದ್ದರ ಮುಖ ಬೋಳಿಸಿದೆ, ಬುಡ ಸೀಸದ ಕಡ್ಡಿ ಬಣ್ಣ. ಇನ್ನೊಂದು ಕಪ್ಪಿನದು ಬುಡವೂ ಕಾಡಿಗೆ ಕಪ್ಪು. ಆರನೇದರ ಕಣ್ಣಿನ ಅಂಚು, ಅಂಗಾಲು ಕೂಡ ಕಂದು. ನಾಲ್ಕನೇದನ್ನ ಒಬ್ಬರು "ಪಾರ್ಟಿ ಕಲರ್" ಅಂತ ಕೇಳ್ತಿದ್ದಾರೆ, ಹಾಗೇ ಅನ್ನಬಹುದಾ?

ಪಿ.ಜೆ. ಬಡಾವಣೆ

ಬೇಡ. ಪಾರ್ಟಿ ಅಂದರೆ ನಮ್ಮ ಹಂಡಬಂಡ ಹಸುವಿನ ಹಾಗೆ, ಮೈಯಲ್ಲಿ ಬಿಳಿ ಅರ್ಧಕ್ಕಿಂತ ಹೆಚ್ಚು, ಅದರ ಮೇಲೆ ಬಣ್ಣದ ಮಚ್ಚೆ. ಅದಕ್ಕೆ ಬಿಳಿ ಗುಣದ ಪ್ರತಿ ಎರಡು ಬೇಕು. ಎದೆ, ಬೆರಳ ತುದಿಯ ಬಿಳಿ ಒಂದೇ ಪ್ರತಿಯಿಂದ ಬರುತ್ತೆ, ಎಷ್ಟೋ ಸಲ ಒಂದೂ ಇಲ್ಲದೆ ಬರುತ್ತೆ: ಭ್ರೂಣದಲ್ಲಿ ಬಣ್ಣದ ಕೋಶಗಳು ಬೆನ್ನಿನಿಂದ ಕೆಳಗೆ ಹರಡುತ್ತಾ ಬರೋವಾಗ ಕೊನೆಗೆ ತಲುಪೋ ಜಾಗ ಎದೆ ಮತ್ತು ಬೆರಳು, ಅಲ್ಲಿಗೆ ತಲುಪದಿದ್ದರೆ ಬಿಳಿ. ಆ ಬಿಳಿ ಹೋಗಲ್ಲ, ಮರಿ ಬೆಳೆದಂತೆ ಚಿಕ್ಕದಾಗಿ ಕಾಣುತ್ತೆ, ಕೂದಲು ಇಳಿದರೆ ಮುಚ್ಚಿಯೂ ಹೋಗುತ್ತೆ. ಕಾಕರ್ ಕಡೆಯಿಂದ ಬಂದ ಮರಿಯಾದ್ದರಿಂದ ಆ ಬಿಳಿಯೊಳಗೆ ಮುಂದೆ ಕಂದು ಚುಕ್ಕೆ ಉದುರಿದ ಹಾಗೆ ಮೂಡಬಹುದು. ರೋಗ ಅಂತ ಹೆದರೋದು ಬೇಡ.

ಕೊಡೋವಾಗ ಬಿಳಿ ಹಾಳೆಯಲ್ಲಿ ಹೀಗೆ ಬರೆದು ಕೊಡಿ. ಮೊದಲ ಕಪ್ಪು: "ಕಪ್ಪು, ಮುಖ ಬೋಳಿಸಿದಾಗ ಬುಡ ಬೂದು, ಬೆಳೆದಂತೆ ಬೂದು ಆಗುತ್ತೆ". ಎರಡನೇದು: "ಕಪ್ಪು, ಬುಡವೂ ಕಪ್ಪು", 8 ವಾರಕ್ಕೆ ಇನ್ನೊಮ್ಮೆ ಬೋಳಿಸಿ ನೋಡಿ ಆಮೇಲೆ ಬರೆಯಿರಿ, ಕೆಲವು ತಡವಾಗಿ ತಿಳಿಯಾಗುತ್ತೆ. ಮೂರನೇದು: "ಕಪ್ಪು, ಕಂದು ಗುರುತು", ಕಂದು ಕೆನೆ ಬಣ್ಣಕ್ಕೆ ಇಳಿಯಬಹುದು, ತಿಳಿಯಾಗೋ ಗುಣವೂ ಬಂದಿದ್ದರೆ ಕಪ್ಪು ಬೂದಾಗಿ ಹುಬ್ಬಿನ ಚುಕ್ಕೆ ಕಂಡೂ ಕಾಣದ ಹಾಗಾಗುತ್ತೆ. ನಾಲ್ಕನೇದು: "ಕಂದು, ಎದೆ ಮತ್ತು ಬೆರಳಲ್ಲಿ ಬಿಳಿ, ಹಾಲುಕಾಫಿ ಆಗಬಹುದು". ಐದು, ಆರಕ್ಕೆ ಈಗಿನ ಛಾಯೆಗಿಂತ ತಿಳಿ ಆಗಬಹುದು ಅಂತ ಸೇರಿಸಿ. ಆರನೇದರ ಮೂಗು ಕಪ್ಪಾಗಲ್ಲ. ಗುಲಾಬಿ ಮೂಗು ಕಪ್ಪಾಗೋದಾದರೆ ಈ ಹೊತ್ತಿಗೆ ಕಪ್ಪು ಚುಕ್ಕೆ ಬಿದ್ದು ಕಣ್ಣಿನ ಅಂಚೂ ಕಪ್ಪಾಗಿರ್ತಿತ್ತು. "ಮೂಗು ಕಂದು, ಕಣ್ಣು ಜೇನು ಬಣ್ಣಕ್ಕೆ ಬರುತ್ತೆ" ಅಂತಲೇ ಬರೆಯಿರಿ.

36 ದಿನಕ್ಕೆ ಯಾರಿಗೂ ಕೊಡಬೇಡಿ. ನಾಯಿ ಮಾರಾಟದ 2017ರ ಕೇಂದ್ರ ನಿಯಮದ ಪ್ರಕಾರವೂ 8 ವಾರ ಆಗಬೇಕು. ಮಿಕ್ಕ ಮೂರು ವಾರದಲ್ಲಿ ವಾರಕ್ಕೊಂದು ಫೋಟೊ, ಅದೇ ಜಾಗ, ಅದೇ ಹೊತ್ತು, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಬಿಳಿ ಹಾಳೆ ಇಟ್ಟು.

ಚಳ್ಳಕೆರೆ ಕತ್ತರಿ

ಫೋಟೊ ಜೊತೆ ಕಿವಿ ಹಿಂದಿನ ಒಂದು ಎಳೆ ಕೂದಲು ಕತ್ತರಿಸಿ, ತಾರೀಖು ಬರೆದು, ಅದೇ ಹಾಳೆಗೆ ಪಾರದರ್ಶಕ ಟೇಪ್‌ನಲ್ಲಿ ಅಂಟಿಸಿ. ಮೊಬೈಲ್ ಕ್ಯಾಮೆರಾ ಕಂದನ್ನ ಒಂದೊಂದು ಸಲ ಒಂದೊಂದು ತರಹ ತೋರಿಸುತ್ತೆ. 8ರಿಂದ 14 ತಿಂಗಳ ನಡುವೆ ಮರಿ ಕೂದಲು ಹೋಗಿ ದೊಡ್ಡ ಕೂದಲು ಬರೋವಾಗ ಗಂಟೂ ಜಾಸ್ತಿ, ಬಣ್ಣವೂ ಎರಡು ತರಹ ಕಾಣುತ್ತೆ. ತಗೊಂಡವರು ಆಗ ಫೋನ್ ಮಾಡ್ತಾರೆ, ಹಾಳೆಯ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.